ಗಾಲ್ಫ್ ಮೇಜರ್ ಮುಗಿದ ಮೇಲೆ ಸ್ಕೋರ್‌ಕಾರ್ಡ್ ಬಿಚ್ಚಿ ನೋಡುವುದು ಹೇಗೆ: 2025ರ ಮಾಸ್ಟರ್ಸ್ ಮುಂದಿಟ್ಟುಕೊಂಡು

ಗಾಲ್ಫ್‌ನ ನಾಲ್ಕು ದೊಡ್ಡ ಟೂರ್ನಿಗಳಿಗೆ ಮೇಜರ್ ಎನ್ನುತ್ತಾರೆ. ಅವುಗಳಲ್ಲೊಂದಾದ ಮಾಸ್ಟರ್ಸ್ ನಡೆಯುವುದು ಅಮೆರಿಕದ ಜಾರ್ಜಿಯಾದಲ್ಲಿರುವ ಆಗಸ್ಟಾದಲ್ಲಿ. ಅಲ್ಲಿಗೂ ನಮಗೂ ಏಪ್ರಿಲ್‌ನಲ್ಲಿ ಒಂಬತ್ತೂವರೆ ಗಂಟೆ ಅಂತರ. 2025ರ ಮಾಸ್ಟರ್ಸ್ ಕೊನೆಯ ಸುತ್ತಿನಲ್ಲಿ ರೋರಿ ಮೆಕಿಲ್ರಾಯ್ ಮತ್ತು ಬ್ರೈಸನ್ ಡಿಶಾಂಬೋ ಜೋಡಿ ಮೊದಲ ಟೀಯಲ್ಲಿ (ಹೋಲ್‌ನ ಮೊದಲ ಹೊಡೆತದ ಜಾಗ) ನಿಂತಾಗ ನಮ್ಮಲ್ಲಿ ಮಧ್ಯರಾತ್ರಿ 12. ಸಮನಾಗಿ ಮುಗಿಸಿದ ಜಸ್ಟಿನ್ ರೋಸ್ ಅವರನ್ನು ಟೈ ಮುರಿಯುವ ಪ್ಲೇಆಫ್‌ನಲ್ಲಿ ಮೆಕಿಲ್ರಾಯ್ ಸೋಲಿಸುವ ಹೊತ್ತಿಗೆ ಸೋಮವಾರ ಬೆಳಗಿನ ನಾಲ್ಕೂವರೆ ದಾಟಿತ್ತು. ಹಾಗಾಗಿ ಹೆಚ್ಚಿನವರು ನೋಡಿದ್ದು ಹೈಲೈಟ್ಸ್, ಕೇಳಿದ್ದು ಎರಡು ಕಥೆ: ‘ಕೈಗೆ ಬಂದದ್ದನ್ನು ಚೆಲ್ಲಿ ಮತ್ತೆ ಬಾಚಿಕೊಂಡ’ ಎನ್ನುವುದು ಒಂದು, ‘ಹಣೆಬರಹದಲ್ಲಿತ್ತು, ಗೆದ್ದ’ ಎನ್ನುವುದು ಇನ್ನೊಂದು. ಎರಡೂ ಸೊಗಸಾಗಿವೆ. ಎಷ್ಟು ನಿಜ ಎಂದು ತಿಳಿಯಬೇಕಾದರೆ ಕಾರ್ಡನ್ನೇ ಬಿಚ್ಚಬೇಕು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಗೆದ್ದವರ ಮತ್ತು ಬೆನ್ನಟ್ಟಿದ ಒಬ್ಬರ ಅಥವಾ ಇಬ್ಬರ ನಾಲ್ಕೂ ಸುತ್ತಿನ ಹೋಲ್‌ವಾರು ಕಾರ್ಡ್, ಆ ದಿನದ ಪ್ರತಿ ಹೋಲ್‌ನ ಸರಾಸರಿ ಸ್ಕೋರ್, ಒಂದು ಸ್ಪ್ರೆಡ್‌ಶೀಟ್ ಅಥವಾ ಗೆರೆ ಹಾಳೆ, ಎರಡು ಗಂಟೆ ಬಿಡುವು. ಮಾಸ್ಟರ್ಸ್ ಆದರೆ ಒಂದು ಅನುಕೂಲವಿದೆ: 2019ರಿಂದ ಅವರ ವೆಬ್‌ಸೈಟ್ ಮತ್ತು ಆ್ಯಪ್‌ನಲ್ಲಿ ಪ್ರತಿ ಆಟಗಾರನ ಹೆಚ್ಚುಕಡಿಮೆ ಪ್ರತಿ ಹೊಡೆತವೂ ವಿಡಿಯೊ ಆಗಿ ಸಿಗುತ್ತದೆ. ಹೈಲೈಟ್ಸ್‌ನಲ್ಲಿ ಒಳಗೆ ಹೋದ ಪಟ್‌ಗಳೇ (ಗುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮೇಲಿನ ಹೊಡೆತಗಳು) ತುಂಬಿರುತ್ತವೆ, ಹೋಗದವು ಬೇಕೆಂದರೆ ಅಲ್ಲಿಗೇ ಹೋಗಬೇಕು.

ಮೊದಲು ಒಂದು ಕಾಲಂನಲ್ಲಿ ಪ್ರತಿ ಹೋಲ್ ಮುಗಿದ ಮೇಲಿನ ಒಟ್ಟು ಸ್ಥಿತಿಯನ್ನು ಬರೆಯಿರಿ. ಹೋಲ್‌ನ ಸ್ಕೋರ್ ಅಲ್ಲ, ಟೂರ್ನಿಯ ಒಟ್ಟು. ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ ಪಾರ್. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ಒಟ್ಟು ಪಾರ್‌ಗಿಂತ ಕಡಿಮೆಯಿದ್ದರೆ ಅಂಡರ್, ಹೆಚ್ಚಿದ್ದರೆ ಓವರ್. ಮೆಕಿಲ್ರಾಯ್ ಭಾನುವಾರ 12 ಅಂಡರ್‌ನಲ್ಲಿ ಹೊರಟರು. ಮೊದಲ ಹೋಲ್‌ನಲ್ಲೇ ಡಬಲ್ ಬೋಗಿ, 10ಕ್ಕೆ ಇಳಿದರು. 3 ಮತ್ತು 4ರಲ್ಲಿ ಬರ್ಡಿ, ಮತ್ತೆ 12. 9 ಮತ್ತು 10ರಲ್ಲಿ ಬರ್ಡಿ, 14. ಇದು ಶಿಖರ. 11ರಲ್ಲಿ ಬೋಗಿ, 13ರಲ್ಲಿ ಡಬಲ್ ಬೋಗಿ, 14ರಲ್ಲಿ ಬೋಗಿ: ನಾಲ್ಕು ಹೋಲ್‌ಗಳಲ್ಲಿ 14ರಿಂದ 10ಕ್ಕೆ. 15ರಲ್ಲಿ ಬರ್ಡಿ, 17ರಲ್ಲಿ ಬರ್ಡಿ, ಮತ್ತೆ 12. 18ರಲ್ಲಿ ಬೋಗಿ, 11. ಸುತ್ತು 73. ಬರಿಯ 73 ಎಂಬ ಅಂಕಿ ನೋಡಿದವರಿಗೆ ‘ಅಷ್ಟೇನೂ ಕೆಟ್ಟದ್ದಲ್ಲ’ ಅನ್ನಿಸುತ್ತದೆ. ಈ ಕಾಲಂ ನೋಡಿದವರಿಗೆ ಮಾತ್ರ ನಷ್ಟವೆಲ್ಲ ಮೂರು ಕಡೆ ಗುಂಪುಗಟ್ಟಿದ್ದು ಕಾಣುತ್ತದೆ: ಮೊದಲ ಹೋಲ್, 11ರಿಂದ 14, ಮತ್ತು 18.

ಇಲ್ಲೇ ಪಾರ್ 5 ಹೋಲ್‌ಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಆಗಸ್ಟಾದಲ್ಲಿ ಅವು 2, 8, 13, 15. ದೂರ ಹೊಡೆಯುವವರು ಗಳಿಸುವ ಜಾಗ ಅವು. ಮೆಕಿಲ್ರಾಯ್ ಭಾನುವಾರ ಅವುಗಳಲ್ಲಿ ಮಾಡಿದ್ದು ಪಾರ್, ಪಾರ್, ಡಬಲ್ ಬೋಗಿ, ಬರ್ಡಿ. ಅಂದರೆ ಒಂದು ಓವರ್. ಆ ತಲೆಮಾರಿನ ಅತಿ ದೂರದ ಡ್ರೈವರ್‌ಗಳಲ್ಲೊಬ್ಬರು ಪಾರ್ 5ಗಳಲ್ಲಿ ಕಳೆದುಕೊಂಡೂ ಗೆದ್ದವರಿಗೆ ಕೊಡುವ ಗ್ರೀನ್ ಜಾಕೆಟ್ ತೊಟ್ಟರು. ಗೆಲುವಿನ ವರದಿಗಳಲ್ಲಿ ಇದು ಬರುವುದು ಅಪರೂಪ.

ಮುಂದಿನದು ಎದುರಾಳಿಯ ಕಾಲಂ. ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಗುಂಪಿನಲ್ಲಿ ಆಡುವವರನ್ನು ಹೋಲ್‌ಗೆ ಹೋಲ್ ಎದುರಿಡಬಹುದು. ಡಿಶಾಂಬೋ ಎರಡನೇ ಹೋಲ್ ಮುಗಿದಾಗ ಒಂದು ಹೊಡೆತ ಮುಂದಿದ್ದರು, 3 ಮತ್ತು 4ರಲ್ಲಿ ಅವರಿಗೆ ಬೋಗಿ, ಮೆಕಿಲ್ರಾಯ್‌ಗೆ ಬರ್ಡಿ. ಎರಡೇ ಹೋಲ್‌ನಲ್ಲಿ ನಾಲ್ಕು ಹೊಡೆತದ ತಿರುವು. ಆದರೆ ಜಸ್ಟಿನ್ ರೋಸ್ ಹಲವು ಗುಂಪು ಮುಂದೆ ಆಡುತ್ತಿದ್ದರು. ಅವರ 13ನ್ನು ಮೆಕಿಲ್ರಾಯ್ 13ರ ಪಕ್ಕದಲ್ಲಿಟ್ಟರೆ ಲೆಕ್ಕ ಸರಿ, ಕಥೆ ತಪ್ಪು. ಇಬ್ಬರ ಟೀ ಸಮಯ ಬರೆದುಕೊಂಡು, ಒಂದು ಹೋಲ್‌ಗೆ ಸುಮಾರು 15 ನಿಮಿಷ ಎಂದು ಹಿಡಿದು, ರೋಸ್ ಕಾಲಂ ಅನ್ನು ಅಷ್ಟು ಸಾಲು ಮೇಲಕ್ಕೆ ಸರಿಸಿ. ವಿಡಿಯೊದಲ್ಲಿ ಲೀಡರ್‌ಬೋರ್ಡ್ ಕಂಡಲ್ಲೆಲ್ಲ ತಾಳೆ ನೋಡಿ. ಏಳು ಹೊಡೆತ ಹಿಂದಿನಿಂದ ಹೊರಟ ರೋಸ್ ಹತ್ತು ಬರ್ಡಿ, ನಾಲ್ಕು ಬೋಗಿಯೊಂದಿಗೆ 66 ಬಾರಿಸಿದ್ದರು. 18ರಲ್ಲಿ ಅವರ ಬರ್ಡಿ ಪಟ್ ಒಳಗೆ ಬಿದ್ದಾಗ ಮೆಕಿಲ್ರಾಯ್ ಇನ್ನೂ ಕೋರ್ಸ್‌ನಲ್ಲಿದ್ದರು. ಹಾಗಾಗಿ ಕೊನೆಯಲ್ಲಿ ಅವರು ಆಡುತ್ತಿದ್ದುದು ಕ್ಲಬ್‌ಹೌಸ್‌ನಲ್ಲಿ ಗಟ್ಟಿಯಾಗಿ ಕೂತಿದ್ದ 11 ಅಂಡರ್ ಎಂಬ ಅಂಕಿಯ ಎದುರು.

ಈಗ ರುಚಿಯ ಭಾಗ: ಯಾವ ಹೊಡೆತದಲ್ಲಿ ಎಷ್ಟು ಹೋಯಿತು, ಎಷ್ಟು ಬಂತು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ರೂಪಿಸಿದ ‘ಸ್ಟ್ರೋಕ್ಸ್ ಗೇನ್ಡ್’ ವಿಧಾನದ ಅಂಕಿಗಳು ಇದಕ್ಕೆ ಸಾಕು. ಅಮೆರಿಕದ ವೃತ್ತಿಪರ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್‌ನ ಆಟಗಾರರು ಒಂದು ದೂರದಿಂದ ಚೆಂಡನ್ನು ಗುಳಿಗೆ ಸೇರಿಸಲು ಸರಾಸರಿ ಎಷ್ಟು ಹೊಡೆತ ತೆಗೆದುಕೊಳ್ಳುತ್ತಾರೆ ಎಂಬುದು ಅದರ ತಳಹದಿ. ಗ್ರೀನ್ ಮೇಲೆ 4 ಅಡಿಗೆ 1.13, 5 ಅಡಿಗೆ 1.23, 6 ಅಡಿಗೆ 1.34, 8 ಅಡಿಗೆ 1.50, 15 ಅಡಿಗೆ 1.78, 20 ಅಡಿಗೆ 1.87. ಫೇರ್‌ವೇಯಲ್ಲಿ (ಟೀಗೂ ಗ್ರೀನ್‌ಗೂ ನಡುವಿನ ಕತ್ತರಿಸಿದ ಹುಲ್ಲು) 80 ಗಜಕ್ಕೆ 2.75, 120 ಗಜಕ್ಕೆ 2.85. ಸೂತ್ರ ಸರಳ: ಹೊಡೆಯುವ ಮೊದಲಿನ ಅಂಕಿಯಿಂದ ಹೊಡೆದ ನಂತರದ ಅಂಕಿಯನ್ನೂ ಒಂದನ್ನೂ ಕಳೆಯಿರಿ. ಉಳಿದದ್ದು ಧನವಾದರೆ ಲಾಭ, ಋಣವಾದರೆ ನಷ್ಟ.

ಹದಿನೆಂಟನೇ ಹೋಲ್ ತೆಗೆದುಕೊಳ್ಳಿ. ಸುಮಾರು 125 ಗಜದಿಂದ ವೆಜ್ (ಹತ್ತಿರದ ದೂರಕ್ಕೆ ಬಳಸುವ ಕ್ಲಬ್), ಅಂದರೆ 2.86ರ ಆಸುಪಾಸು. ಚೆಂಡು ಬಲಗಡೆಯ ಬಂಕರ್‌ಗೆ ಬಿತ್ತು. ಗ್ರೀನ್ ಪಕ್ಕದ ಮರಳಿನಿಂದ ಸರಾಸರಿ ಸುಮಾರು 2.5. ವೆಜ್‌ನ ನಷ್ಟ 0.64. ಅಲ್ಲಿಂದ ಸುಮಾರು 5 ಅಡಿಗೆ ತಂದರು: 2.5ರಿಂದ 1.23 ಮತ್ತು 1 ಕಳೆದರೆ 0.27 ಲಾಭ. ಪಟ್ ತಪ್ಪಿತು: 0.77 ನಷ್ಟ. ಒಟ್ಟು 1.14 ನಷ್ಟ. ಎಲ್ಲರೂ ‘ಆ ಪಟ್ ತಪ್ಪಿಸಿದ’ ಎನ್ನುತ್ತಾರೆ. ಆದರೆ ಸಾಲದಲ್ಲಿ ಅರ್ಧದ ಹತ್ತಿರ ವೆಜ್‌ನದು, ಬಂಕರ್ ಹೊಡೆತವಂತೂ ಬೈಸಿಕೊಳ್ಳುವಂಥದ್ದೇ ಅಲ್ಲ. ಪ್ಲೇಆಫ್‌ನಲ್ಲಿ ಅದೇ ಹೋಲ್, ಹೆಚ್ಚುಕಡಿಮೆ ಅದೇ ದೂರ. ಈ ಸಲ ವೆಜ್ ಸುಮಾರು 4 ಅಡಿಗೆ ನಿಂತಿತು, 0.73 ಲಾಭ, ಪಟ್ ಹೋಯಿತು, 0.13 ಲಾಭ. ಅದೇ ಜಾಗದಿಂದ ಮೊದಲು ನಾಲ್ಕು ಹೊಡೆತ, ಸ್ವಲ್ಪ ಹೊತ್ತಿನ ನಂತರ ಎರಡು. ಪ್ಲೇಆಫ್ ಗೆದ್ದದ್ದು ಪಟ್ಟರ್‌ನಿಂದ ಎನ್ನುವವರಿಗೆ ಈ ಎರಡು ಅಂಕಿ ತೋರಿಸಿ.

ರೋಸ್ ಅವರಿಗೂ ಇದೇ ತಕ್ಕಡಿ. 18ರಲ್ಲಿ ಸುಮಾರು 20 ಅಡಿಯ ಪಟ್ ಹಾಕಿ ಗಳಿಸಿದ್ದು 0.87. ಪ್ಲೇಆಫ್‌ನಲ್ಲಿ ಸುಮಾರು 15 ಅಡಿಯದು ತಪ್ಪಿದ್ದರ ನಷ್ಟ 0.22 ಮಾತ್ರ. ಆ ದೂರದಿಂದ ನಾಲ್ಕರಲ್ಲಿ ಮೂರು ಪಟ್ ತಪ್ಪುವುದೇ ರೂಢಿ, ಅವರನ್ನು ದೂರುವಂತಿಲ್ಲ. ಮೆಕಿಲ್ರಾಯ್ 15ರಲ್ಲಿ ಮರಗಳ ಪಕ್ಕದಿಂದ 7 ಐರನ್‌ನಲ್ಲಿ ಎಡಕ್ಕೆ ಬಾಗಿಸಿ ಸುಮಾರು 6 ಅಡಿಗೆ ಇಟ್ಟ ಹೊಡೆತ ವರ್ಷಗಟ್ಟಲೆ ಮರುಪ್ರಸಾರವಾಗುವಂಥದ್ದು. ಅದರ ನಂತರದ ಈಗಲ್ ಪಟ್ ತಪ್ಪಿ 0.66 ಹೋದದ್ದನ್ನು ಯಾರೂ ಮರುಪ್ರಸಾರ ಮಾಡುವುದಿಲ್ಲ. ಎಲ್ಲಕ್ಕಿಂತ ದುಬಾರಿಯಾದದ್ದು 13ನೇ ಹೋಲ್. ಜಾಗ್ರತೆಯಿಂದ ಲೇ-ಅಪ್ ಮಾಡಿ (ಚೆಂಡನ್ನು ಗ್ರೀನ್‌ಗೆ ಹಾಕದೆ ನೀರಿಗಿಂತ ಮೊದಲೇ ನಿಲ್ಲಿಸಿ), 80-90 ಗಜದಿಂದ ಮೂರನೇ ಹೊಡೆತವನ್ನು ಗ್ರೀನ್ ಮುಂದಿನ ತೊರೆಗೆ ಹಾಕಿದರು. ಅಲ್ಲಿಂದ ದಂಡ ಸೇರಿ ಐದು. ಸರಾಸರಿ 2.75ರ ಜಾಗದಿಂದ ಐದು ಎಂದರೆ 2.25 ನಷ್ಟ. ಧೈರ್ಯ ಮಾಡಿ ಕೆಟ್ಟದ್ದಲ್ಲ, ಎಚ್ಚರ ವಹಿಸಿ ಕೆಟ್ಟದ್ದು.

ಈ ಲೆಕ್ಕಕ್ಕೆ ಮಿತಿಯೂ ಇದೆ. ಈ ಅಂಕಿಗಳು ಸಾಮಾನ್ಯ ಟೂರ್ ಗ್ರೀನ್‌ಗಳವು. ಆಗಸ್ಟಾದ ಗ್ರೀನ್‌ಗಳು ವೇಗ, ಇಳಿಜಾರೂ ಹೆಚ್ಚು. ಮೇಲಿನಿಂದ ಕೆಳಗೆ ಹೋಗುವ 6 ಅಡಿ ಪಟ್ ಅಲ್ಲಿ ನಿಜಕ್ಕೂ 1.34ಕ್ಕಿಂತ ಕಷ್ಟ. ಟಿವಿಯಲ್ಲಿ ಹೇಳುವ ದೂರವೂ ಅಂದಾಜೇ. ದಶಮಾಂಶದ ಎರಡನೇ ಸ್ಥಾನಕ್ಕೆ ಜಗಳವಾಡಬೇಡಿ, 0.2ಕ್ಕಿಂತ ಕಡಿಮೆಯ ವ್ಯತ್ಯಾಸಗಳನ್ನು ಸಮ ಎಂದೇ ಹಿಡಿಯಿರಿ.

ಪಾರ್ ಜೊತೆ ಹೋಲಿಸುವುದೂ ಪೂರ್ತಿ ನ್ಯಾಯವಲ್ಲ. 11ನೇ ಹೋಲ್ 520 ಗಜದ ಪಾರ್ 4, ವರ್ಷವರ್ಷವೂ ಕಠಿಣ ಹೋಲ್‌ಗಳ ಸಾಲಿನಲ್ಲಿರುತ್ತದೆ. ಆ ದಿನದ ಸರಾಸರಿ 4.30 ಇದ್ದರೆ ಬೋಗಿಯ ನಿಜವಾದ ನಷ್ಟ 0.70. ಸರಾಸರಿ 4.70 ಇರುವ ಪಾರ್ 5ನಲ್ಲಿ ಬರಿಯ ಪಾರ್ ಮಾಡಿದರೂ 0.30 ಹೋದಂತೆ. ಪ್ರತಿ ಹೋಲ್‌ಗೂ ಆಯಾ ದಿನದ ಸರಾಸರಿಯನ್ನೇ ಹಾಕಿ. ನಾಲ್ಕು ದಿನದ್ದನ್ನು ಕೂಡಿಸಿದರೆ ದಿನದಿನಕ್ಕೆ ಪಿನ್ (ಗುಳಿಯ ಬಾವುಟ) ಜಾಗ ಬದಲಾದದ್ದು ಮರೆಯಾಗಿಬಿಡುತ್ತದೆ.

ಭಾನುವಾರಕ್ಕೇ ನಿಲ್ಲಬೇಡಿ. 72-66-66-73 ಎಂಬ ಸಾಲಿನಲ್ಲಿ ಗುರುವಾರದ 72ರೊಳಗೆ 15 ಮತ್ತು 17ರಲ್ಲಿ ಎರಡು ಡಬಲ್ ಬೋಗಿಗಳಿವೆ. 14 ಹೋಲ್‌ವರೆಗೆ ಅವರು 4 ಅಂಡರ್ ಇದ್ದರು. ಭಾನುವಾರದ ಎರಡೂ ಸೇರಿ ನಾಲ್ಕು. ನಾಲ್ಕು ಡಬಲ್ ಬೋಗಿ ಮಾಡಿಯೂ ಮಾಸ್ಟರ್ಸ್ ಗೆದ್ದ ಮೊದಲಿಗರು ಅವರು. ಶನಿವಾರ ಮೊದಲ ಆರು ಹೋಲ್‌ಗಳಲ್ಲೂ ಮೂರು ಹೊಡೆತ: ಪಾರ್ 23 ಇರುವ ಕಡೆ 18, ಅಂದರೆ 5 ಅಂಡರ್. ಟೂರ್ನಿ ನಿಂತದ್ದು ಈ ಆರು ಹೋಲ್‌ಗಳ ಮೇಲೆ ಎಂದರೆ ತಪ್ಪಾಗದು. ರೋಸ್ ಕಾರ್ಡ್ 65-71-75-66. ಅವರ ಶನಿವಾರದ 75ರಲ್ಲಿ ಎಲ್ಲೆಲ್ಲಿ ಹೋಯಿತು ಎಂದು ಹುಡುಕುವುದು ಭಾನುವಾರದ ಹತ್ತು ಬರ್ಡಿ ಎಣಿಸುವುದಕ್ಕಿಂತ ಹೆಚ್ಚು ಉಪಯುಕ್ತ.

ಗೆಲುವನ್ನು ಚರಿತ್ರೆಯಲ್ಲಿಡುವಾಗ ಕೈ ಬಿಗಿಹಿಡಿಯಿರಿ. 2025ರ ಆ ಗೆಲುವಿನವರೆಗೆ ನಾಲ್ಕೂ ಮೇಜರ್ ಗೆದ್ದವರು ಆರು ಮಂದಿ: ಜೀನ್ ಸರಾಜೆನ್ (1935), ಬೆನ್ ಹೋಗನ್ (1953), ಗ್ಯಾರಿ ಪ್ಲೇಯರ್ (1965), ಜ್ಯಾಕ್ ನಿಕ್ಲಸ್ (1966), ಟೈಗರ್ ವುಡ್ಸ್ (2000), ಮೆಕಿಲ್ರಾಯ್ (2025). 2014ರ ಪಿಜಿಎ ಚಾಂಪಿಯನ್‌ಶಿಪ್ ನಂತರ 2025ರವರೆಗೆ ಅವರಿಗೆ ಮೇಜರ್ ಸಿಕ್ಕಿರಲಿಲ್ಲ. ‘ಬರಗಾಲ’ ಎನ್ನುವ ಮೊದಲು ಆ ನಡುವಿನ ಎರಡನೇ ಸ್ಥಾನಗಳನ್ನೂ ಪಟ್ಟಿ ಮಾಡಿ. 2023 ಮತ್ತು 2024ರ ಯುಎಸ್ ಓಪನ್ ಎರಡೂ ಒಂದೊಂದೇ ಹೊಡೆತದಲ್ಲಿ ತಪ್ಪಿದವು. ಪ್ಲೇಆಫ್ ನಿಯಮವೂ ಒಂದೇ ಅಲ್ಲ. ಮಾಸ್ಟರ್ಸ್‌ನಲ್ಲಿ ಸಡನ್ ಡೆತ್ (ಒಬ್ಬರು ಒಂದು ಹೋಲ್ ಗೆದ್ದ ಕೂಡಲೇ ಮುಗಿಯುತ್ತದೆ), ಯುಎಸ್ ಓಪನ್‌ನಲ್ಲಿ ಎರಡು ಹೋಲ್‌ಗಳ ಒಟ್ಟು, ದಿ ಓಪನ್ ಮತ್ತು ಪಿಜಿಎಯಲ್ಲಿ ಮೂರು ಹೋಲ್‌ಗಳ ಒಟ್ಟು. ಬೇರೆ ಮೇಜರ್ ಆಗಿದ್ದರೆ ರೋಸ್‌ಗೆ ಇನ್ನೊಂದು ಹೋಲ್ ಆದರೂ ಸಿಗುತ್ತಿತ್ತು.

ಕೈ ಪಳಗಿಸಲು ಇನ್ನೊಂದು ಕಾರ್ಡ್ ಬೇಕೆಂದರೆ 2015ರ ಪಿಜಿಎ ಚಾಂಪಿಯನ್‌ಶಿಪ್ ತೆರೆಯಿರಿ. ವಿಸ್ಲಿಂಗ್ ಸ್ಟ್ರೇಟ್ಸ್‌ನಲ್ಲಿ ಜೇಸನ್ ಡೇ 20 ಅಂಡರ್‌ನಲ್ಲಿ ಗೆದ್ದರು. ಬೆಂಗಳೂರಿನಲ್ಲಿ ಆಟ ಪಳಗಿಸಿಕೊಂಡ ಅನಿರ್ಬನ್ ಲಾಹಿರಿ 13 ಅಂಡರ್‌ನಲ್ಲಿ ಐದನೇ ಸ್ಥಾನ ಹಂಚಿಕೊಂಡರು. ಅವರಿಗಿಂತ ಒಂದೇ ಹೊಡೆತ ಮುಂದೆ, ನಾಲ್ಕನೆಯವರಾಗಿ ಮುಗಿಸಿದ್ದು ಇದೇ ಜಸ್ಟಿನ್ ರೋಸ್. ಡೇ ಕಾಲಂ ಪಕ್ಕ ಲಾಹಿರಿ ಕಾಲಂ ಇಟ್ಟು, ಪಾರ್ 5ಗಳನ್ನು ಬಣ್ಣ ಹಚ್ಚಿ, ಆ ಏಳು ಹೊಡೆತ ಎಲ್ಲಿ ಹೋದವೆಂದು ಹೋಲ್‌ವಾರು ತೆಗೆಯಿರಿ.