ಪ್ಲುಟೋನಿಯಂ ಲೆಕ್ಕ ತಾಳೆ ಆಗ್ತಿಲ್ವಾ? ಮೊದಲು ತಕ್ಕಡಿ ನೋಡಿ

ರೇಷನ್ ಅಂಗಡಿಯ ಸ್ಟಾಕ್ ರಿಜಿಸ್ಟರ್ ನೋಡಿದ್ದೀರಲ್ಲ, ತಿಂಗಳ ಶುರುವಲ್ಲಿ ಎಷ್ಟಿತ್ತು, ಎಷ್ಟು ಬಂತು, ಎಷ್ಟು ಹೋಯ್ತು, ಕೊನೆಗೆ ಎಷ್ಟು ಉಳೀತು. ಅಣು ಇಂಧನ ತಯಾರಿಸೋ ಕಾರ್ಖಾನೆಯಲ್ಲೂ ಯುರೇನಿಯಂ, ಪ್ಲುಟೋನಿಯಂಗೆ ಇದೇ ಲೆಕ್ಕ. ಶುರುವಿನ ದಾಸ್ತಾನಿಗೆ ಬಂದಿದ್ದು ಕೂಡಿಸಿ, ಹೋಗಿದ್ದು ಕಳೆದು, ಉಳಿದಿದ್ದನ್ನೂ ಕಳೆದ್ರೆ ಸೊನ್ನೆ ಬರ್ಬೇಕು, ಆದ್ರೆ ನಿಜವಾದ ಕಾರ್ಖಾನೆಯಲ್ಲಿ ಸರಿಯಾಗಿ ಸೊನ್ನೆ ಬರೋದೇ ಇಲ್ಲ. ಆ ವ್ಯತ್ಯಾಸಕ್ಕೆ 'ಮಫ್' ಅಂತಾರೆ, ಲೆಕ್ಕಕ್ಕೆ ಸಿಗದ ಮಾಲು ಅಂತ. ಅದು ಅಳತೆಯ ತಪ್ಪಾ, ಪೈಪಲ್ಲಿ ಅಂಟ್ಕೊಂಡಿದ್ದಾ, ಸೋರಿದ್ದಾ, ಯಾರಾದ್ರೂ ಎತ್ಕೊಂಡು ಹೋಗಿದ್ದಾ ಅಂತ ವಿಚಾರ ಮಾಡೋಕೆ ಸ್ಟಾಟಿಸ್ಟಿಕ್ಸ್ ಬೇಕು. ಅದನ್ನ ಮನೆಯ ಲ್ಯಾಪ್‌ಟಾಪಲ್ಲೇ ಕಲೀಬಹುದು, ಯಾಕಂದ್ರೆ ಸಾಫ್ಟ್‌ವೇರ್ ಫ್ರೀಯಾಗಿ ಸಿಗುತ್ತೆ.

ಮೊದಲು ಸಾಫ್ಟ್‌ವೇರ್. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದವರು ಮಾಡಿರೋ 'ಮ್ಯಾಪಿಟ್' ಗಿಟ್‌ಹಬ್‌ನಲ್ಲಿದೆ, ಪೈಥಾನ್‌ನಲ್ಲಿ ಬರೆದಿರೋ ಓಪನ್ ಸೋರ್ಸ್ ಟೂಲು, ಕೋಡ್ ಬರೆಯೋಕೆ ಬರ್ದೇ ಇದ್ರೂ ಬಟನ್ ಒತ್ತಿ ನಡೆಸೋ ಹಾಗೆ ಸ್ಕ್ರೀನ್ ಕೊಟ್ಟಿದ್ದಾರೆ. ಅದನ್ನ ಇಳಿಸ್ಕೊಳ್ಳಿ, ಆದ್ರೆ ಮೊದಲನೇ ಲೆಕ್ಕ ಮಾತ್ರ ಪೇಪರ್ ಮೇಲೆ ಮಾಡಿ, ಇದು ನನ್ನ ಒತ್ತಾಯ ಅಂತಾನೇ ಇಟ್ಕೊಳ್ಳಿ.

ನಾನೇ ಕಲ್ಪಿಸಿದ ಒಂದು ಕಾರ್ಖಾನೆ ತಗೊಳ್ಳೋಣ. ಒಂದು ತಿಂಗಳ ಲೆಕ್ಕ: ಶುರುವಿಗೆ 100 ಕೆಜಿ ಪ್ಲುಟೋನಿಯಂ, ಬಂದಿದ್ದು 50, ಹೋಗಿದ್ದು 48, ಉಳಿದಿದ್ದು 101.2. ಮಫ್ 0.8 ಕೆಜಿ. ಇದು ಹೆಚ್ಚಾ ಕಮ್ಮಿನಾ? ಬರೀ ಈ ಸಂಖ್ಯೆ ನೋಡಿ ಹೇಳೋಕಾಗಲ್ಲ, ತಕ್ಕಡಿ ಎಷ್ಟು ನಂಬಿಕಸ್ತ ಅಂತ ಗೊತ್ತಿರ್ಬೇಕು.

ಇಲ್ಲೇ ಎಲ್ರೂ ಎಡವೋದು, ಸ್ವಲ್ಪ ನಿಧಾನವಾಗಿ ಓದಿ. ಅಳತೆಯ ತಪ್ಪಲ್ಲಿ ಎರಡು ಜಾತಿ. ಒಂದು ರ‍್ಯಾಂಡಮ್, ಅದೇ ಡಬ್ಬಿಯನ್ನ ಹತ್ತು ಸಲ ತೂಗಿದ್ರೆ ಒಂದ್ಸಲ ಚೂರು ಜಾಸ್ತಿ ಒಂದ್ಸಲ ಚೂರು ಕಮ್ಮಿ ತೋರ್ಸುತ್ತೆ, ತಿಂಗಳು ಕಳೆದ ಹಾಗೆ ಒಂದನ್ನೊಂದು ಹೊಡ್ಕೊಂಡು ಹೋಗುತ್ತೆ. ಇನ್ನೊಂದು ಸಿಸ್ಟಮ್ಯಾಟಿಕ್. ತರಕಾರಿ ಅಂಗಡಿಯ ತಕ್ಕಡಿ ಖಾಲಿ ಇದ್ದಾಗ್ಲೂ 20 ಗ್ರಾಂ ತೋರಿಸ್ತಿದ್ರೆ ಪ್ರತಿ ಗಿರಾಕಿಗೂ 20 ಗ್ರಾಂ ಖೋತಾ, ಸಂಜೆವರೆಗೆ ತೂಗಿದ್ರೂ ಅದು ಸರಿಹೋಗಲ್ಲ, ಗುಡ್ಡೆ ಆಗ್ತಾ ಹೋಗುತ್ತೆ.

ಪೇಪರ್ ಲೆಕ್ಕ ಸುಲಭವಾಗ್ಲಿ ಅಂತ ನಮ್ಮ ಕಾರ್ಖಾನೆಯ ಪ್ರತಿ ಅಳತೆಗೂ ಎರಡೂ ತಪ್ಪು ಶೇ 0.5 ಇಡಿ. ರ‍್ಯಾಂಡಮ್ ಲೆಕ್ಕಕ್ಕೆ ನಾಲ್ಕೂ ಅಂಕಿಯ ಶೇ 0.5 ತೆಗೆದು, ವರ್ಗ ಮಾಡಿ ಕೂಡಿಸಿ, 0.626 ಬರುತ್ತೆ. ಸಿಸ್ಟಮ್ಯಾಟಿಕ್‌ನಲ್ಲಿ ದಾಸ್ತಾನು ಎರಡೂ ಸಲ ಒಂದೇ ಮೀಟರಲ್ಲಿ ಅಳೆದಿರೋದ್ರಿಂದ ಅದು ಹೆಚ್ಚುಕಮ್ಮಿ ರದ್ದಾಗುತ್ತೆ, ಬಂದಿದ್ದಕ್ಕೂ ಹೋಗಿದ್ದಕ್ಕೂ ಬೇರೆ ಬೇರೆ ಮೀಟರ್ ಇರೋದ್ರಿಂದ 0.120 ಉಳಿಯುತ್ತೆ. ಒಟ್ಟು 0.746, ವರ್ಗಮೂಲ 0.86 ಕೆಜಿ. ಇದೇ 'ಸಿಗ್ಮಾ ಮಫ್', ಅಂದ್ರೆ ಬರೀ ಅಳತೆ ತಪ್ಪಿಂದಾನೇ ಮಫ್ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗ್ಬಹುದು ಅನ್ನೋದು. ಶೇ 5 ಸುಳ್ಳು ಅಲಾರಂ ಒಪ್ಕೊಂಡ್ರೆ ಇದರ 1.65 ಪಟ್ಟು, ಅಂದ್ರೆ 1.4 ಕೆಜಿ ದಾಟಿದ್ರೆ ಗಂಟೆ ಬಾರಿಸ್ಬೇಕು. ನಮ್ಮ 0.8 ಅದಕ್ಕಿಂತ ಒಳಗಿದೆ, ಗಾಬರಿ ಬೇಡ.

ಈಗ ಅದೇ ಮೀಟರುಗಳನ್ನ ಇಡೀ ವರ್ಷ ಕ್ಯಾಲಿಬ್ರೇಟ್ ಮಾಡದೆ ನಡೆಸಿ ನೋಡಿ. ಬಂದಿದ್ದು 600 ಕೆಜಿ, ಹೋಗಿದ್ದು 576, ಇವೆರಡರ ಸಿಸ್ಟಮ್ಯಾಟಿಕ್ ತಪ್ಪೊಂದೇ 4.16 ಕೆಜಿ ಆಗುತ್ತೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಪ್ಲುಟೋನಿಯಂಗೆ ಇಟ್ಟಿರೋ ಗಡಿ 8 ಕೆಜಿ. ಶೇ 95 ಖಾತ್ರಿಯಿಂದ 8 ಕೆಜಿ ನಾಪತ್ತೆ ಹಿಡೀಬೇಕು, ಸುಳ್ಳು ಅಲಾರಂ ಶೇ 5 ಮೀರ್ಬಾರ್ದು ಅಂದ್ರೆ ಸಿಗ್ಮಾ 8 ಭಾಗಿಸು 3.3 (1.65ರ ಎರಡು ಪಟ್ಟು), ಅಂದ್ರೆ 2.4 ಕೆಜಿ ಒಳಗಿರ್ಬೇಕು. ನಾವು ಯಾವಾಗಲೋ ದಾಟಿಬಿಟ್ಟಿದ್ದೀವಿ. ಎರಡೂ ತಪ್ಪನ್ನ ರ‍್ಯಾಂಡಮ್ ಅಂತ ಒಟ್ಟಿಗೆ ಸೇರಿಸಿದ್ರೆ ಇದೇ ವರ್ಷಕ್ಕೆ ಸುಮಾರು 2 ಕೆಜಿ ಬಂದು ಎಲ್ಲಾ ಚೆನ್ನಾಗಿದೆ ಅಂತ ಕಾಣುತ್ತೆ. ಅದಕ್ಕೇ ಮ್ಯಾಪಿಟ್ ತಪ್ಪಿನ ಪಟ್ಟಿ ಕೇಳುವಾಗ ಪ್ರತಿ ಅಳತೆ ಜಾಗಕ್ಕೂ ಎರಡು ಕಾಲಂ ಕೇಳುತ್ತೆ, ದಯವಿಟ್ಟು ಎರಡಕ್ಕೂ ಒಂದೇ ನಂಬರ್ ಸುಮ್ನೆ ತುಂಬಬೇಡಿ.

ಆಮೇಲೆ ಕಾಲದ ಓಟ. ಒಂದೊಂದೇ ತಿಂಗಳು ನೋಡಿದ್ರೆ ನಿಧಾನದ ನಷ್ಟ ಕಾಣಲ್ಲ. ಒಂದು ತಿಂಗಳ ಕೊನೆಯ ದಾಸ್ತಾನೇ ಮುಂದಿನ ತಿಂಗಳ ಶುರು ಆಗಿರೋದ್ರಿಂದ ಮಫ್‌ಗಳು ಒಂದಕ್ಕೊಂದು ಅಂಟ್ಕೊಂಡಿರ್ತವೆ, ಆ ನಂಟು ಬಿಡಿಸಿದ್ರೆ ಸಿಗೋದು 'ಸಿಟ್‌ಮಫ್', ಅದರ ಮೇಲೆ ಪೇಜ್ ಪರೀಕ್ಷೆ ನಡೆಸ್ಬೇಕು. ಇದು 1954ರಿಂದ ಇರೋ ಉಪಾಯ, ಸಣ್ಣ ಸಣ್ಣ ಏರಿಕೆಗಳನ್ನ ಕೂಡಿಸ್ತಾ ಹೋಗಿ ಗಡಿ ದಾಟಿದಾಗ ಕೂಗುತ್ತೆ.

ಇದೆಲ್ಲಾ ಬರೀ ಪುಸ್ತಕದ ಬದನೇಕಾಯಿ ಅಲ್ಲ. ಇಂಗ್ಲೆಂಡಿನ ಸೆಲ್ಲಾಫೀಲ್ಡ್‌ನ ಥಾರ್ಪ್ ಅನ್ನೋ, ಬಳಸಿದ ಅಣು ಇಂಧನವನ್ನ ಮರುಸಂಸ್ಕರಿಸೋ ಘಟಕದಲ್ಲಿ ಒಡೆದ ಪೈಪಿಂದ ತಿಂಗಳುಗಟ್ಟಲೆ ಸೋರಿ 83 ಘನ ಮೀಟರ್ ಆಸಿಡ್ ದ್ರಾವಣ ಸ್ಟೀಲ್ ಹೊದಿಸಿದ ಕೋಣೆಯೊಳಗೆ ನಿಂತಿತ್ತು, ಅದ್ರಲ್ಲಿ ಸುಮಾರು 160 ಕೆಜಿ ಪ್ಲುಟೋನಿಯಂ. ಲೆಕ್ಕ ತಾಳೆ ಆಗ್ದೇ ಇದ್ದಿದ್ರಿಂದಾನೇ ಕ್ಯಾಮೆರಾ ಇಳಿಸಿ ನೋಡಿದ್ದು, 2005ರ ಏಪ್ರಿಲ್‌ನಲ್ಲಿ ಕಣ್ಣಿಗೆ ಬಿತ್ತು. ಕಳ್ಳತನ ಅಲ್ಲ, ಬರೀ ಸೋರಿಕೆ, ಆದ್ರೂ ರಿಜಿಸ್ಟರ್ ಅದನ್ನ ಹೇಳ್ತಿತ್ತು.

ಕೊನೇ ಹೆಜ್ಜೆ, ನಿಮ್ಮ ಡೇಟಾದಲ್ಲಿ ನೀವೇ ಕಳವು ಮಾಡಿ. 12 ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ 8 ಕೆಜಿ ಕಳೆದು, ಬೇರೆ ಬೇರೆ ಅಳತೆ ತಪ್ಪು ಬೆರೆಸಿ ಸಾವಿರ ಸಲ ಓಡಿಸಿ, ಎಷ್ಟು ಸಲ ಅಲಾರಂ ಬಂತು ಅಂತ ಎಣಿಸಿ. ಕಳವು ಇಲ್ಲದೆಯೂ ಸಾವಿರ ಸಲ ಓಡಿಸಿ, ಸುಳ್ಳು ಕೂಗು ಎಷ್ಟು ಅಂತ ಗೊತ್ತಾಗ್ಲಿ. ಹಿಡಿದಿದ್ದು 950ಕ್ಕಿಂತ ಕಮ್ಮಿ ಬಂದ್ರೆ ಸಿಸ್ಟಮ್ಯಾಟಿಕ್ ಕಾಲಂ 0.5 ಇದ್ದಿದ್ದನ್ನ 0.2 ಮಾಡಿ ಮತ್ತೆ ಓಡಿಸಿ, ಯಾವ ಮೀಟರ್ ಬದಲಾಯಿಸಿದ್ರೆ ಸಂಖ್ಯೆ ಜಾಸ್ತಿ ಏರುತ್ತೋ ಕ್ಯಾಲಿಬ್ರೇಷನ್ ದುಡ್ಡು ಮೊದಲು ಅದಕ್ಕೆ ಹಾಕ್ಬೇಕು.