ಕ್ರಿಯಾಟಿನಿನ್‌ಗೆ ಕಾಯಬೇಡಿ, ಮೊದಲು ಮೂತ್ರ ಕೊಡಿ

ಇಪ್ಪತ್ತೆರಡು ವರ್ಷದಿಂದ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷಿಸುತ್ತಿದ್ದೇನೆ. ಸಕ್ಕರೆ ಕಾಯಿಲೆಯವರು ವರದಿ ಕೈಗೆ ಸಿಕ್ಕೊಡನೆ ಹುಡುಕುವುದು ಕ್ರಿಯಾಟಿನಿನ್ (ಮೂತ್ರಪಿಂಡ ರಕ್ತದಿಂದ ಹೊರಹಾಕಬೇಕಾದ ಕಸ) ಸಾಲನ್ನು. ‘ನಾರ್ಮಲ್’ ಎಂದು ಕಂಡರೆ ಮಡಚಿ ಜೇಬಿಗಿಟ್ಟು ಹೊರಟುಬಿಡುತ್ತಾರೆ. ಕ್ರಿಯಾಟಿನಿನ್ ಬಾಯಿಬಿಡುವುದು ಬಲು ತಡ. ಮೂತ್ರಪಿಂಡದ ಅರ್ಧ ಶಕ್ತಿ ಹೋದರೂ ಅದು ಸುಮ್ಮನಿರಬಹುದು. ಮೊದಲು ಸುಳಿವು ಕೊಡುವುದು ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್.

ಅದಕ್ಕೆ ವರ್ಷಕ್ಕೊಮ್ಮೆ ಎಸಿಆರ್ (ಮೂತ್ರದಲ್ಲಿ ಕ್ರಿಯಾಟಿನಿನ್‌ಗೆ ಹೋಲಿಸಿದರೆ ಆಲ್ಬುಮಿನ್ ಎಷ್ಟಿದೆ ಎಂಬ) ಪರೀಕ್ಷೆ ಮಾಡಿಸಿ. ಟೈಪ್ 2 ಇರುವವರು ಕಾಯಿಲೆ ಪತ್ತೆಯಾದಾಗಿನಿಂದಲೇ ಶುರು ಮಾಡಬೇಕು. ಹೆಸರು ಹೇಳಿಯೇ ಕೇಳಿ, ಏಕೆಂದರೆ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಅದ್ದುವ ಪಟ್ಟಿಗೆ (ಡಿಪ್‌ಸ್ಟಿಕ್) ಸಣ್ಣ ಸೋರಿಕೆ ಸಿಕ್ಕುವುದಿಲ್ಲ. ಬೆಳಗ್ಗೆ ಎದ್ದೊಡನೆಯ ಮೂತ್ರವೇ ಒಳ್ಳೆಯದು: ಮೊದಲಿನ ಸ್ವಲ್ಪ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೆ ಹಿಡಿಯಿರಿ. (ಉಪ್ಪಿನಕಾಯಿ ಬಾಟಲಿ ತೊಳೆದು ತಂದವರಿದ್ದಾರೆ, ಎಣ್ಣೆ ತೇಲುತ್ತಿತ್ತು.) ಜ್ವರ, ಉರಿಮೂತ್ರ, ಮುಟ್ಟು ಇದ್ದಾಗ ಅಥವಾ ಹಿಂದಿನ ದಿನ ಮೈಮುರಿಯೆ ದುಡಿದಿದ್ದರೆ ಕೊಡಬೇಡಿ.

ಎಸಿಆರ್ ಅಂಕಿ (mg/g ಲೆಕ್ಕದಲ್ಲಿ) 30ರ ಒಳಗಿದ್ದರೆ ನೆಮ್ಮದಿ. 30ರಿಂದ 300 ಎಂದರೆ ಸೋರಿಕೆ ಶುರುವಾಗಿದೆ. ಅದಕ್ಕೂ ಮೇಲಾದರೆ ಜೋರಾಗಿದೆ. ಒಂದೇ ವರದಿಗೆ ಕಂಗಾಲಾಗಬೇಡಿ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ಮಾಡಿಸಿ, ಎರಡು ಸಲವಾದರೂ ಹೆಚ್ಚು ಬಂದರೆ ಮಾತ್ರ ಖಚಿತ.

ಸಕ್ಕರೆಗೂ ಸೋರಿಕೆಗೂ ಏನು ನಂಟು? ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರೊಂದಿಗೆ ಹೊರಟ ಸಕ್ಕರೆಯನ್ನು ಒಳಗಿನ ಸಣ್ಣ ನಾಳಗಳು ವಾಪಸು ಹೀರುತ್ತವೆ, ಜೊತೆಗೆ ಉಪ್ಪನ್ನೂ. ಸಕ್ಕರೆ ಹೆಚ್ಚಿದರೆ ಉಪ್ಪು ಹೀರುವುದೂ ಹೆಚ್ಚು. ನಾಳದ ಮುಂದಿನ ಭಾಗಕ್ಕೆ ಉಪ್ಪು ಕಡಿಮೆ ತಲುಪಿದಾಗ ಮೂತ್ರಪಿಂಡ, ರಕ್ತ ಸಾಲುತ್ತಿಲ್ಲವೆಂದು ತಪ್ಪು ತಿಳಿದು, ಒಳಬರುವ ರಕ್ತನಾಳವನ್ನು ಅಗಲಿಸುತ್ತದೆ. ಒತ್ತಡಕ್ಕೆ ಸೋಸುವ ಜರಡಿ ಹಾಳಾಗಿ ಆಲ್ಬುಮಿನ್ ಸೋರುತ್ತದೆ. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ತಡೆಯುವುದು ಈ ಹೀರುವಿಕೆಯನ್ನೇ. ಶುರುವಿನ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಬಹುದು. ಅದನ್ನು ಕಂಡು ನೀವೇ ಮಾತ್ರೆ ಬಿಡಬೇಡಿ, ವೈದ್ಯರನ್ನು ಕೇಳಿ.

ಇನ್ನು ನಮ್ಮ ಚಿಕ್ಕಪ್ಪನ ಕಥೆ. ಬೆಳಗ್ಗೆ ಮೂವತ್ತು ಯೂನಿಟ್ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದವರಿಗೆ ಹದಿನಾಲ್ಕೇ ಸಾಕಾಯಿತು. ‘ಅಮೃತಬಳ್ಳಿ ಕಷಾಯ ಕೆಲಸ ಮಾಡಿತು ಕಣೋ, ಶುಗರ್ ಬಿಟ್ಟೇ ಹೋಯಿತು’ ಎಂದು ಹೋಳಿಗೆ ಹಂಚಿದರು. ವಾರದೊಳಗೆ ಒಂದು ಮುಂಜಾನೆ ಬನಿಯನ್ ಒದ್ದೆಯಾಗುವಷ್ಟು ಬೆವರಿ ತೊದಲುತ್ತಿದ್ದರು, ಗ್ಲುಕೋಮೀಟರ್‌ನಲ್ಲಿ 48. ಚಿಕ್ಕಮ್ಮ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದರು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕಿತ್ತು.

ಇನ್ಸುಲಿನ್ನನ್ನು ಕರಗಿಸುವ ಕೆಲಸದಲ್ಲಿ ಮೂತ್ರಪಿಂಡಕ್ಕೂ ದೊಡ್ಡ ಪಾಲಿದೆ. ಅದು ಸೋತಾಗ ಚುಚ್ಚಿದ ಮದ್ದು ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಚಿಕ್ಕಪ್ಪನ ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂಬ ಅಂದಾಜು ಅಂಕಿ) 27ಕ್ಕೆ ಇಳಿದಿತ್ತು. ಕಾರಣವಿಲ್ಲದೆ ಸಕ್ಕರೆ ಇಳಿಯತೊಡಗಿದರೆ ಹೋಳಿಗೆಗೆ ಕಡಲೆಬೇಳೆ ನೆನೆಹಾಕುವ ಮೊದಲು ಇಜಿಎಫ್‌ಆರ್ ನೋಡಿಸಿ.

ವಾಂತಿ ಭೇದಿಯಾಗಿ ನೀರೂ ನಿಲ್ಲದ ದಿನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಬಿಪಿ ಮಾತ್ರೆಗಳಲ್ಲಿ ಯಾವುದನ್ನು ತಡೆಹಿಡಿಯಬೇಕೆಂದು ಅವತ್ತೇ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇನ್ಸುಲಿನ್ನನ್ನು ಮಾತ್ರ ನೀವಾಗಿಯೇ ಪೂರ್ತಿ ನಿಲ್ಲಿಸಬೇಡಿ. ಮಂಡಿನೋವಿಗೆ ಅಂಗಡಿಯವನು ಕೊಟ್ಟ ಡೈಕ್ಲೋಫೆನಾಕ್ ಮನೆಯಲ್ಲಿದ್ದರೆ ಅದನ್ನಂತೂ ಮುಟ್ಟಲೇಬೇಡಿ.