ಅಮೆರಿಕದಲ್ಲಿ ಮೂರನೇ ಪಾರ್ಟಿಯಿಂದ ರಾಜ್ಯದ ಶಾಸನಸಭೆಗೆ ನಿಲ್ಲೋದು ಹೇಗೆ

ಡೆಮಾಕ್ರಾಟೂ ಬೇಡ ರಿಪಬ್ಲಿಕನ್ನೂ ಬೇಡ, ಲಿಬರ್ಟೇರಿಯನ್ನೋ ಗ್ರೀನೋ ಅಂಥ ಪಾರ್ಟಿಯಿಂದ ನಿಲ್ತೀನಿ ಅಂತ ಮನಸ್ಸು ಮಾಡಿದ್ರೆ ಮೊದ್ಲು ಭಾಷಣ ಬ್ಯಾನರ್ ಎಲ್ಲ ಪಕ್ಕಕ್ಕಿಟ್ಟು ನಿಮ್ಮ ಕ್ಷೇತ್ರದ ಹಳೇ ರಿಸಲ್ಟ್ ತೆಗ್ದು ನೋಡಿ. ಎರಡು ದೊಡ್ಡ ಪಾರ್ಟಿಲಿ ಒಂದು ಕ್ಯಾಂಡಿಡೇಟನ್ನೇ ಹಾಕದಿರೋ ಸೀಟುಗಳು ಬೇಕಾದಷ್ಟಿರ್ತವೆ, ನಿಮಗೆ ಜಾಗ ಸಿಗೋದು ಅಲ್ಲೇ. 2020ರಲ್ಲಿ ವಯೋಮಿಂಗ್‌ನಲ್ಲಿ ಮಾರ್ಷಲ್ ಬರ್ಟ್ ಅನ್ನೋ ಲಿಬರ್ಟೇರಿಯನ್ ಗೆದ್ರಲ್ಲ, ಅಲ್ಲಿ ರಿಪಬ್ಲಿಕನ್ ಯಾರೂ ನಿಂತಿರ್ಲಿಲ್ಲ, ಹಾಲಿ ಡೆಮಾಕ್ರಾಟ್ ಶಾಸಕರ ಜೊತೆ ನೇರ ಪೈಪೋಟಿ ಇತ್ತು. 2022ರಲ್ಲಿ ರಿಪಬ್ಲಿಕನ್ ಬಂದ್ರು, ಸೀಟು ಹೋಯ್ತು.

ಆ ಕ್ಷೇತ್ರದಲ್ಲಿ ನೀವು ವಾಸ ಇರ್ಬೇಕು, ಎಷ್ಟು ದಿನದಿಂದ ಅನ್ನೋದು ರಾಜ್ಯಕ್ಕೊಂದು ಥರ. ಸಿಟಿಜನ್ ಆಗಿರ್ಬೇಕು, ಗ್ರೀನ್ ಕಾರ್ಡ್ ಸಾಲಲ್ಲ. ಆದ್ರೆ ಅಲ್ಲೇ ಹುಟ್ಟಿರ್ಬೇಕು ಅಂತೇನಿಲ್ಲ, ಆ ರೂಲ್ಸ್ ಪ್ರೆಸಿಡೆಂಟ್, ವೈಸ್ ಪ್ರೆಸಿಡೆಂಟ್‌ಗೆ ಮಾತ್ರ.

ನಿಜವಾದ ಕಷ್ಟ ಬ್ಯಾಲಟ್ ಮೇಲೆ ಹೆಸರು ಬರ್ಸೋದು. ದೊಡ್ಡ ಪಾರ್ಟಿಯವರಿಗೆ ಪ್ರೈಮರಿ, ಅಂದ್ರೆ ಪಾರ್ಟಿಯ ಕ್ಯಾಂಡಿಡೇಟ್ ಯಾರು ಅಂತ ಆರಿಸೋ ಮೊದಲ ಎಲೆಕ್ಷನ್, ಗೆದ್ರೆ ಆಯ್ತು, ಸಣ್ಣ ಪಾರ್ಟಿಗೆ ಆ ರಾಜ್ಯದಲ್ಲಿ ಮಾನ್ಯತೆ ಇಲ್ದಿದ್ರೆ ಮತದಾರರ ಸಹಿ ಕೂಡಿಸ್ಬೇಕು. ನ್ಯೂ ಹ್ಯಾಂಪ್‌ಶೈರ್‌ನ ಕೆಳಮನೆಗೆ 150 ಸಹಿ ಸಾಕು. ಜಾರ್ಜಿಯಾದಲ್ಲಿ ಕ್ಷೇತ್ರದ ನೋಂದಾಯಿತ ಮತದಾರರಲ್ಲಿ ನೂರಕ್ಕೆ 5 ಜನರ ಸಹಿ ಬೇಕು, ಅಂದ್ರೆ ಸಾವಿರಗಟ್ಟಲೆ, ಇದು ನನ್ನ ಪ್ರಕಾರ ಬಾಗಿಲು ಹಾಕಿ ಬೀಗ ಜಡಿದಂಗೇ. ನಿಮ್ಮ ರಾಜ್ಯದ ಲೆಕ್ಕ ಮತ್ತೆ ಕೊನೇ ದಿನಾಂಕ ಎಲೆಕ್ಷನ್ ಆಫೀಸಿಂದ್ಲೇ ತಿಳ್ಕೊಳಿ, ಬೇರೆ ಯಾರ್ ಹೇಳಿದ್ರೂ ನಂಬ್ಬೇಡಿ.

ಸಹಿ ಹಾಕಿಸ್ಕೊಳೋವಾಗ ಅವಸರ ಮಾಡ್ಬೇಡಿ. ಯಾರಾದ್ರೂ ಪೆನ್ ತಗೊಂಡ ತಕ್ಷಣ "ವೋಟರ್ ಲಿಸ್ಟಲ್ಲಿ ನಿಮ್ ಅಡ್ರೆಸ್ ಇದೇನಾ" ಅಂತ ಕೇಳಿ, ಯಾಕಂದ್ರೆ ಮನೆ ಬದಲಾಯಿಸಿ ಹೊಸ ಅಡ್ರೆಸ್ ಬರೆದ್ರು, ಲಿಸ್ಟಲ್ಲಿ ಹಳೇದೇ ಇತ್ತು ಅಂದ್ರೆ ಆ ಸಹಿ ಬಿದ್ದೋಗ್ಬೋದು, ಪಕ್ಕದ ಕ್ಷೇತ್ರದವರು ಪ್ರೀತಿಯಿಂದ ಹಾಕಿದ ಸಹಿನೂ ಅಷ್ಟೇ. ಮಾಲ್ ಮುಂದೆ ನಿಂತ್ರೆ ಎಲ್ಲಾ ಊರಿನವರೂ ಸಿಗ್ತಾರೆ. ಮತದಾರರ ಪಟ್ಟಿ ಹಿಡ್ಕೊಂಡು ಮನೆ ಮನೆಗೆ ಹೋದ್ರೆ ನಿಧಾನ ಆದ್ರೂ ಒಂದೊಂದು ಸಹಿನೂ ಗಟ್ಟಿ. ಹೆಂಗೇ ಮಾಡಿದ್ರೂ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಕೂಡಿಸಿ.

ಬಾಗಿಲಲ್ಲಿ ಎಲ್ರೂ ಕೇಳೋದು ಒಂದೇ, "ನೀವು ನಿಂತ್ರೆ ಓಟು ಒಡೆಯಲ್ವಾ?" ಸಿಟ್ಟಾಗ್ಬೇಡಿ, ಆ ಭಯ ಸುಳ್ಳಲ್ಲ. ಇಬ್ರೇ ಇರೋ ಕ್ಷೇತ್ರ ಆದ್ರೆ ಒಡೆಯೋ ಮಾತೇ ಇಲ್ಲ ಅಂತ ಹೇಳಿ, ಅಲಾಸ್ಕಾದಲ್ಲಾದ್ರೆ 2022ರಿಂದ ಮೊದಲ್ನೇ ಆಯ್ಕೆ ಎರಡನೇ ಆಯ್ಕೆ ಅಂತ ರ‍್ಯಾಂಕ್ ಹಾಕಿ ಓಟು ಮಾಡೋ ಪದ್ಧತಿ ಬಂದಿದೆ, ಮೊದಲ್ನೇ ಆಯ್ಕೆಯವರು ಎಣಿಕೆಯಲ್ಲಿ ಹೊರಗೆ ಹೋದ್ರೆ ಆ ಓಟು ಎರಡನೇ ಆಯ್ಕೆಗೆ ಹೋಗುತ್ತೆ, ಅದನ್ನ ವಿವರಿಸಿ. ನ್ಯೂಯಾರ್ಕ್‌ನಲ್ಲಿ ಒಬ್ಬರೇ ಕ್ಯಾಂಡಿಡೇಟ್ ಬ್ಯಾಲಟ್‌ನಲ್ಲಿ ಎರಡು ಪಾರ್ಟಿಯ ಸಾಲಲ್ಲಿ ನಿಲ್ಬೋದು, ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿ ಬೆಳೆದಿದ್ದೇ ಆ ದಾರಿಲಿ. ಮತ್ತೆ ಮಾತಾಡೋದು ದೇಶದ ವಿಷಯ ಅಲ್ಲ, ಶಾಲೆ ಫಂಡಿಂಗ್, ರೋಡು, ಪ್ರಾಪರ್ಟಿ ಟ್ಯಾಕ್ಸ್ ಬಗ್ಗೆ ಮಾತಾಡಿ. ವರ್ಮಾಂಟ್‌ನ ಪ್ರೋಗ್ರೆಸಿವ್ ಪಾರ್ಟಿ ಬರ್ಲಿಂಗ್ಟನ್‌ನ ಊರ ರಾಜಕೀಯದಿಂದ ಶುರುವಾಗಿ ಶಾಸನಸಭೆ ಮುಟ್ಟಿದ್ದು.

ದುಡ್ಡಿನ ವಿಷಯಕ್ಕೆ ಒಬ್ಬ ನಂಬಿಕಸ್ತ ಟ್ರೆಷರರ್, ಬೇರೆ ಬ್ಯಾಂಕ್ ಅಕೌಂಟು, ಮೊದಲ ಡೊನೇಷನ್‌ನಿಂದ್ಲೇ ಲೆಕ್ಕ. ಸ್ವಂತ ದುಡ್ಡು ಹಾಕಿದ್ರೂ ಬರೀರಿ. ಸೋತ ಮೇಲೂ ದುಡ್ಡಿನ ಕೊನೇ ರಿಪೋರ್ಟ್ ಕೊಟ್ಟು ಕಮಿಟಿ, ಅಂದ್ರೆ ಪ್ರಚಾರದ ದುಡ್ಡು ನೋಡ್ಕೊಳೋಕೆ ನಿಮ್ಮ ಹೆಸರಲ್ಲಿ ನೋಂದಾಯಿಸಿದ ಗುಂಪು, ಅಧಿಕೃತವಾಗಿ ಮುಚ್ಬೇಕು, ಇಲ್ದಿದ್ರೆ ಫೈನ್ ಬೀಳ್ಬೋದು. ಎರಡು ವರ್ಷಕ್ಕೆ ಮತ್ತೆ ನಿಲ್ಲೋ ಯೋಚ್ನೆ ಇದ್ರೆ ಮುಚ್ಚೋ ಮುಂಚೆ ಟ್ರೆಷರರ್ ಹತ್ರ ಮಾತಾಡಿ, ಸಹಿ ಹಾಕಿದವರ ಬೀದಿಗಳ ಪಟ್ಟಿನೂ ಜೋಪಾನವಾಗಿ ಇಟ್ಕೊಳಿ.